ಟೈಮರ್ ಒಂದು ಕಡೆ, ಟಾಸ್ಕ್ ಇನ್ನೊಂದು ಕಡೆ

ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಪಾಲು ಒಂದೇ ವಿಷಯದ್ದು. ಕೆಲಸದ ಪಟ್ಟಿ ಒಂದು ಸಾಫ್ಟ್‌ವೇರ್‌ನಲ್ಲಿ ಇದೆ. ಆ ಕೆಲಸಕ್ಕೆ ಹಿಡಿದ ಸಮಯದ ಲೆಕ್ಕ ಇನ್ನೊಂದರಲ್ಲಿ ಇದೆ. ಎರಡನ್ನೂ ಜೋಡಿಸಿ, ಕೈಯಲ್ಲಿ ಹೊಂದಿಸುವ ಕಷ್ಟ ತಪ್ಪಿಸುವುದು ಹೇಗೆ? ಅವನ್ನೆಲ್ಲ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಕಚೇರಿಯ ಒಳಗಿನ ಮಾತುಗಳಿರುವುದರಿಂದ ಬರೆದವರ ಹೆಸರು ಬಿಟ್ಟು ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ಮೇಡಂ, ನಮ್ಮದು ವೆಬ್‌ಸೈಟ್ ಮಾಡಿಕೊಡುವ ಚಿಕ್ಕ ಕಚೇರಿ. ಎಂಟು ಜನ ಇದ್ದೇವೆ. ಕೆಲಸಗಳೆಲ್ಲ ಟ್ರೆಲ್ಲೊದಲ್ಲಿವೆ, ಸಮಯ ಬರೆಯುವುದು ಟಾಗಲ್‌ನಲ್ಲಿ. ತಿಂಗಳ ಕೊನೆಗೆ ಬಿಲ್ ಮಾಡುವಾಗ ಎರಡನ್ನೂ ಎಕ್ಸೆಲ್‌ನಲ್ಲಿ ಪಕ್ಕಪಕ್ಕ ಇಟ್ಟು ಹೊಂದಿಸುತ್ತಾ ಕೂರುತ್ತೇನೆ. 'ಹೋಮ್ ಪೇಜ್', 'ಹೋಂಪೇಜ್ ಕರೆಕ್ಷನ್', 'ಹೋಮ್ ಪೇಜ್ ಫೈನಲ್' ಎಂದು ಒಬ್ಬೊಬ್ಬರು ಒಂದೊಂದು ಥರ ಬರೆದಿರುತ್ತಾರೆ. ಆಟೊಮೇಷನ್ ಮಾಡಿಸಿ ಅಂತ ಎಲ್ಲರೂ ಹೇಳುತ್ತಾರೆ. ಇದಕ್ಕೆ ಪ್ರೋಗ್ರಾಮರ್ ಬೇಕಾ? – ಮೈಸೂರು

ಉತ್ತರ: ಪ್ರೋಗ್ರಾಮರ್ ಬೇಡ. ಆದರೆ ಆಟೊಮೇಷನ್‌ಗೆ ಕೈ ಹಾಕುವ ಮೊದಲು ಒಂದು ಕೆಲಸ ಆಗಬೇಕು. ನಿಮ್ಮ ಪತ್ರದಲ್ಲೇ ಅದರ ಸುಳಿವು ಇದೆ. ಮೂರು ಥರ ಬರೆದ 'ಹೋಮ್ ಪೇಜ್' ಒಂದೇ ಕೆಲಸ ಎಂದು ನಿಮಗೆ ಗೊತ್ತಾಗುತ್ತದೆ, ಸಾಫ್ಟ್‌ವೇರ್‌ಗೆ ಗೊತ್ತಾಗುವುದಿಲ್ಲ. ಹೆಸರು ನೋಡಿ ಹೊಂದಿಸು ಎಂದು ಅದಕ್ಕೆ ಹೇಳಿದರೆ, ಈಗ ನೀವು ತಿಂಗಳಿಗೊಮ್ಮೆ ನೋಡುವ ಗೊಂದಲವನ್ನು ಅದು ದಿನಾಲೂ ಮಾಡಿಕೊಡುತ್ತದೆ.

ಹಾಗಾಗಿ ಪ್ರತಿ ಕೆಲಸಕ್ಕೆ ಒಂದು ಸಂಖ್ಯೆ ಕೊಡಿ. ಮನೆಯ ಕರೆಂಟ್ ಬಿಲ್‌ನಲ್ಲಿ ಆರ್‌ಆರ್ ನಂಬರ್ ಇರುತ್ತದಲ್ಲ, ಹಾಗೆ. ಬಾಡಿಗೆಯವರು ಬದಲಾಗಲಿ, ಮನೆಯ ಹೆಸರು ಬದಲಾಗಲಿ, ಆ ನಂಬರ್ ಕರೆಂಟ್ ಸಂಪರ್ಕವನ್ನು ಬಿಟ್ಟು ಹೋಗುವುದಿಲ್ಲ. ಜಿರಾ ಎಂಬ ಕೆಲಸದ ಪಟ್ಟಿಯ ಸಾಫ್ಟ್‌ವೇರ್ ಬಳಸುವವರಿಗೆ ಇದು ತಾನಾಗಿಯೇ ಸಿಗುತ್ತದೆ. ಪ್ರಾಜೆಕ್ಟ್‌ನ ಅಕ್ಷರಗಳ ಜೊತೆಗೆ ಒಂದು ಅಂಕಿ ಸೇರಿ ಪ್ರತಿ ಟಿಕೆಟ್‌ಗೂ (ಅಲ್ಲಿ ಒಂದೊಂದು ಕೆಲಸವನ್ನು ಹಾಗೆನ್ನುತ್ತಾರೆ) ಗುರುತು ಬರುತ್ತದೆ. ಟ್ರೆಲ್ಲೊದಲ್ಲಿ ಒಂದೊಂದು ಕೆಲಸ ಒಂದೊಂದು ಕಾರ್ಡ್, ಕಾರ್ಡ್‌ಗಳು ಕೂರುವ ಹಲಗೆ ಬೋರ್ಡ್. ಅಲ್ಲೂ ಪ್ರತಿ ಕಾರ್ಡ್‌ಗೆ ಸಂಖ್ಯೆ ಇದೆ, ಆದರೆ ಕಾರ್ಡ್ ಮೇಲೆ ಎದ್ದು ಕಾಣುವುದಿಲ್ಲ. ಕಾರ್ಡ್ ತೆರೆದು ಮೇಲಿನ ವಿಳಾಸ ನೋಡಿ. ಎಂಟು ಅಕ್ಷರಗಳ ಒಂದು ತುಂಡು, ಆಮೇಲೆ ಒಂದು ಅಂಕಿ, ಆಮೇಲೆ ಕಾರ್ಡ್‌ನ ಹೆಸರು ಇರುತ್ತದೆ. ಆ ಅಂಕಿ ಒಂದು ಬೋರ್ಡ್‌ನ ಒಳಗೆ ಮಾತ್ರ ಬೇರೆ ಬೇರೆ. ಎರಡು ಬೋರ್ಡ್‌ಗಳಲ್ಲಿ 42ನೇ ಕಾರ್ಡ್ ಇರಬಹುದು. ಎಂಟು ಅಕ್ಷರದ ತುಂಡು ಮಾತ್ರ ಇಡೀ ಟ್ರೆಲ್ಲೊದಲ್ಲಿ ಒಂದೇ ಕಾರ್ಡ್‌ಗೆ ಸೇರಿದ್ದು. ನಿಮ್ಮ ಎಂಟು ಜನರಿಗೆ ಓದಲು ಸುಲಭವಾಗಬೇಕು ಎಂದರೆ ಕ್ಲೈಂಟ್‌ನ ಎರಡಕ್ಷರ ಸೇರಿಸಿ ನೀವೇ ಒಂದು ಗುರುತು ಮಾಡಿ, ಕಾರ್ಡ್ ಹೆಸರಿನ ಮೊದಲಿಗೇ ಬರೆಯಿರಿ. 'ಎಸ್‌ಎಚ್-42 ಹೋಮ್ ಪೇಜ್' ಎಂಬಂತೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೂ ಸರಿ, ಒಂದೇ ರೀತಿ ಇದ್ದರೆ ಸಾಕು.

ಈಗ ಆ ಗುರುತು ಟಾಗಲ್‌ಗೆ ಹೋಗಬೇಕು. ಜನ ಅದನ್ನು ಟೈಪ್ ಮಾಡಲಿ ಎಂದು ಬಿಡಬೇಡಿ. ಟಾಗಲ್‌ನವರದೇ ಒಂದು ಬ್ರೌಸರ್ ಎಕ್ಸ್‌ಟೆನ್ಷನ್ (ಬ್ರೌಸರ್‌ಗೆ ಸೇರಿಸಿಕೊಳ್ಳುವ ಸಣ್ಣ ತಂತ್ರಾಂಶ) ಇದೆ. ಅದನ್ನು ಹಾಕಿಕೊಂಡರೆ ಟ್ರೆಲ್ಲೊ ಕಾರ್ಡ್‌ನ ಒಳಗೇ ಟೈಮರ್ ಶುರು ಮಾಡುವ ಬಟನ್ ಬರುತ್ತದೆ. ಒತ್ತಿದರೆ ಕಾರ್ಡ್‌ನ ಹೆಸರು ತಾನೇ ಟಾಗಲ್‌ನ ವಿವರಣೆಯಲ್ಲಿ ಕೂರುತ್ತದೆ, ಅದರ ಜೊತೆಗೆ ನಿಮ್ಮ ಗುರುತೂ. ಎಷ್ಟೋ ಕಚೇರಿಗಳಿಗೆ ಇಷ್ಟೇ ಸಾಕಾಗುತ್ತದೆ. ಇದಿಷ್ಟನ್ನು ಒಂದು ತಿಂಗಳು ನಡೆಸಿ ನೋಡಿ, ನಿಮ್ಮ ಎಕ್ಸೆಲ್ ಕೆಲಸ ಅರ್ಧಕ್ಕೆ ಇಳಿದರೂ ನನಗೆ ಆಶ್ಚರ್ಯವಿಲ್ಲ.

ಅದಾದ ಮೇಲೆ ಆಟೊಮೇಷನ್. ಒಂದು ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕೆ ವಿವರವನ್ನು ತಾನಾಗಿ ಸಾಗಿಸಲು ಜ್ಯಾಪಿಯರ್, ಮೇಕ್, ಎನ್‌ಎಯ್ಟ್‌ಎನ್ (n8n) ಎಂಬ ಸೇವೆಗಳಿವೆ. ಜ್ಯಾಪಿಯರ್ ಅಮೆರಿಕದಲ್ಲಿ 2011ರಲ್ಲಿ ಶುರುವಾದದ್ದು. ಮೇಕ್ ಪ್ರಾಗ್ ನಗರದ್ದು, 2022ರ ತನಕ ಅದರ ಹೆಸರು ಇಂಟೆಗ್ರೊಮ್ಯಾಟ್. ಎನ್‌ಎಯ್ಟ್‌ಎನ್ ಬರ್ಲಿನ್‌ನದು, 2019ರಲ್ಲಿ ಬಂತು. ಮೂರರ ಕೆಲಸವೂ ಒಂದೇ ತತ್ವದ್ದು: ಒಂದು ಕಡೆ ಏನಾದರೂ ನಡೆದರೆ ಇನ್ನೊಂದು ಕಡೆ ಏನಾದರೂ ಮಾಡು. ನಡೆಯುವುದು ಟ್ರಿಗರ್, ಮಾಡುವುದು ಆ್ಯಕ್ಷನ್.

ನಿಮಗೆ ಇಂಥ ಎರಡು ಜೋಡಣೆ ಬೇಕು. ಮೊದಲನೆಯದು ಟ್ರೆಲ್ಲೊದಿಂದ ಟಾಗಲ್‌ಗೆ: ಹೊಸ ಕ್ಲೈಂಟ್‌ಗೆ ಬೋರ್ಡ್ ಆದರೆ ಅದೇ ಹೆಸರಲ್ಲಿ ಟಾಗಲ್‌ನಲ್ಲಿ ಪ್ರಾಜೆಕ್ಟ್ ಆಗಲಿ. ಎರಡನೆಯದು ಟಾಗಲ್‌ನಿಂದ ಗೂಗಲ್ ಶೀಟ್‌ಗೆ: ಸಮಯದ ಹೊಸ ನಮೂದು ಬಂದರೆ ಒಂದು ಸಾಲು ಸೇರಲಿ. ಯಾರು, ಯಾವತ್ತು, ಎಷ್ಟು ಹೊತ್ತು, ಯಾವ ಗುರುತು. ವಿವರಣೆಯಿಂದ ಗುರುತನ್ನು ಮಾತ್ರ ಹೆಕ್ಕುವ ಹಂತ ಜ್ಯಾಪಿಯರ್‌ನ ಫಾರ್ಮ್ಯಾಟರ್‌ನಲ್ಲಿ ಇದೆ, ಮೇಕ್‌ನಲ್ಲಿ ಟೆಕ್ಸ್ಟ್ ಪಾರ್ಸರ್ ಎನ್ನುತ್ತಾರೆ. ಗುರುತು ಇಲ್ಲದ ನಮೂದು ಬಂದರೆ ಅದನ್ನು ಬಿಟ್ಟುಬಿಡಬೇಡಿ. 'ಗುರುತಿಲ್ಲ' ಎಂಬ ಬೇರೆ ಹಾಳೆಗೆ ಕಳಿಸಿ. ಶುಕ್ರವಾರ ಮಧ್ಯಾಹ್ನ ಆ ಹಾಳೆ ನೋಡಿದರೆ ಸಾಕು. ಏನು ಮಾಡಿದ್ದೆ ಎಂದು ಬರೆದವರಿಗೆ ಅಷ್ಟರಲ್ಲಿ ಇನ್ನೂ ನೆನಪಿರುತ್ತದೆ. ತಿಂಗಳ ಕೊನೆಗೆ ಇರುವುದಿಲ್ಲ.

ಗಂಟೆಯನ್ನು ಮತ್ತೆ ಟ್ರೆಲ್ಲೊಗೇ ಬರೆಸಬಹುದಲ್ಲ ಎಂದು ಕೇಳಬಹುದು. ಬರೆಸಬಹುದು. ಆದರೆ ಟ್ರೆಲ್ಲೊದಲ್ಲಿ ಸಮಯಕ್ಕೆಂದೇ ಜಾಗ ಇಲ್ಲ, ನಾವೇ ಜಾಗ ಮಾಡಿಕೊಳ್ಳುವ ಕಸ್ಟಮ್ ಫೀಲ್ಡ್ ಹಣ ಕೊಡುವ ಯೋಜನೆಯಲ್ಲಿ ಮಾತ್ರ ಇದೆ. ವಾರಕ್ಕೊಮ್ಮೆ ಒಟ್ಟು ಗಂಟೆಯನ್ನು ಕಾರ್ಡ್‌ಗೆ ಕಾಮೆಂಟ್ ಆಗಿ ಹಾಕಿಸಿ, ಅಷ್ಟು ಸಾಕು.

ಒಂದು ಆಸೆಯನ್ನು ಮಾತ್ರ ದಯವಿಟ್ಟು ಬಿಟ್ಟುಬಿಡಿ. ಕಾರ್ಡನ್ನು 'ಡೂಯಿಂಗ್' ಪಟ್ಟಿಗೆ ಎಳೆದ ಕೂಡಲೇ ಟೈಮರ್ ತಾನೇ ಓಡಲಿ ಎಂದು ಎಲ್ಲರೂ ಕೇಳುತ್ತಾರೆ. ನೋಡಲು ಚೆನ್ನ. ಆದರೆ ಜನ ಬೆಳಿಗ್ಗೆ ಎರಡು ಮೂರು ಕಾರ್ಡ್ ಒಟ್ಟಿಗೆ ಎಳೆದುಕೊಳ್ಳುತ್ತಾರೆ. ಟಾಗಲ್‌ನಲ್ಲಿ ಒಬ್ಬರಿಗೆ ಒಂದು ಸಮಯಕ್ಕೆ ಒಂದೇ ಟೈಮರ್ ಓಡುತ್ತದೆ, ಎರಡನೆಯದು ಶುರುವಾದರೆ ಮೊದಲಿನದು ನಿಲ್ಲುತ್ತದೆ. ಜೊತೆಗೆ ಇನ್ನೊಂದು ತೊಡಕು ಇದೆ. ಆಟೊಮೇಷನ್ ನಡೆಯುವುದು ಯಾರ ಟೋಕನ್ (ಖಾತೆಗೆ ಪ್ರವೇಶ ಕೊಡುವ ಗುಪ್ತ ಕೀಲಿ) ಕೊಟ್ಟಿದ್ದೀರೋ ಅವರ ಹೆಸರಲ್ಲಿ. ನಿಮ್ಮ ಖಾತೆ ಜೋಡಿಸಿದ್ದರೆ ಎಂಟೂ ಜನರ ಟೈಮರ್ ನಿಮ್ಮ ಹೆಸರಲ್ಲೇ ಓಡುತ್ತದೆ. ಟೈಮರ್ ಒತ್ತುವುದು ಕೆಲಸ ಮಾಡುವವರ ಕೈಯಲ್ಲೇ ಇರಲಿ. ಆಮೇಲಿನ ಸಾಗಾಟ ಮಾತ್ರ ಯಂತ್ರ ಮಾಡಲಿ.

ಪ್ರಶ್ನೆ: ನಮ್ಮ ತಂಡ ಬೆಂಗಳೂರಿನಲ್ಲಿದೆ, ಕ್ಲೈಂಟ್ ನ್ಯೂಯಾರ್ಕ್‌ನಲ್ಲಿ. ಟೈಮರ್‌ನಿಂದ ಜಿರಾಗೆ ಗಂಟೆಗಳು ಹೋಗುವಂತೆ ನಾನೇ ಒಂದು ಸ್ಕ್ರಿಪ್ಟ್ ಬರೆದಿದ್ದೇನೆ. ಗಂಟೆ ಸರಿ ಹೋಗುತ್ತದೆ, ದಿನಾಂಕ ಕೆಲವೊಮ್ಮೆ ಹಿಂದಿನ ದಿನದ್ದು ಬರುತ್ತದೆ. ತಿಂಗಳ ಮೊತ್ತ ಯಾವತ್ತೂ ತಾಳೆಯಾಗಿಲ್ಲ. ಮೂರು ದಿನದ ಕೆಲಸ ಎಂದು ತೋರಿಸಿದ ಟಿಕೆಟ್‌ನಲ್ಲಿ 24 ಗಂಟೆ ಇದೆ. ಎಲ್ಲಿ ತಪ್ಪಿದೆ? – ಬೆಂಗಳೂರು, ಬನಶಂಕರಿ

ಉತ್ತರ: ಕೊನೆಯದು ತಪ್ಪೇ ಅಲ್ಲ. ಜಿರಾದಲ್ಲಿ ಒಂದು ದಿನ ಎಂದರೆ 8 ಗಂಟೆ, ಒಂದು ವಾರ ಎಂದರೆ 5 ದಿನ ಎಂದು ಮೊದಲಿನಿಂದಲೇ ಇಟ್ಟಿರುತ್ತಾರೆ. ಹಾಗಾಗಿ 24 ಗಂಟೆ 3 ದಿನವಾಗಿ ಕಾಣುತ್ತದೆ. ನಿಮ್ಮ ಅಡ್ಮಿನ್ ಇದನ್ನು ಬದಲಾಯಿಸಬಹುದು, ಅಥವಾ ಎಲ್ಲವನ್ನೂ ಗಂಟೆಯಲ್ಲೇ ತೋರಿಸುವಂತೆ ಮಾಡಬಹುದು. ನಾನಾದರೆ ಗಂಟೆಯಲ್ಲೇ ಇಡುತ್ತೇನೆ. 'ದಿನ' ಅಂದರೆ ಎಷ್ಟು ಎಂದು ಕ್ಲೈಂಟ್‌ಗೆ ಪ್ರತಿ ಸಲ ವಿವರಿಸುವ ಕೆಲಸ ತಪ್ಪುತ್ತದೆ.

ದಿನಾಂಕದ ವಿಷಯಕ್ಕೆ ಬರೋಣ. ಹೆಚ್ಚಿನ ಟೈಮರ್‌ಗಳು ಒಳಗೊಳಗೆ ಸಮಯವನ್ನು ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯದಲ್ಲಿ, ಇಡುತ್ತವೆ. ನಾವು ಅದಕ್ಕಿಂತ ಐದೂವರೆ ಗಂಟೆ ಮುಂದಿದ್ದೇವೆ. ನಮ್ಮ ಮಧ್ಯರಾತ್ರಿಯಿಂದ ಬೆಳಗಿನ 5:30ರವರೆಗೆ ಮಾಡಿದ ಕೆಲಸವೆಲ್ಲ ಯುಟಿಸಿಯಲ್ಲಿ ಹಿಂದಿನ ದಿನಕ್ಕೆ ಸೇರುತ್ತದೆ. ಹಗಲು ಕೆಲಸ ಮಾಡುವ ತಂಡಕ್ಕೆ ಇದು ಯಾವತ್ತೂ ಗೊತ್ತೇ ಆಗುವುದಿಲ್ಲ. ನ್ಯೂಯಾರ್ಕ್ ಕ್ಲೈಂಟ್ ಜೊತೆ ರಾತ್ರಿ ಕೂರುವವರಿಗೆ ದಿನಾ ಗೊತ್ತಾಗುತ್ತದೆ. ನವೆಂಬರ್ 1ರ ಬೆಳಗಿನ ಜಾವ 2ಕ್ಕೆ ಒತ್ತಿದ ಟೈಮರ್ ಯುಟಿಸಿಯಲ್ಲಿ ಅಕ್ಟೋಬರ್ 31ರ ರಾತ್ರಿ 8:30. ತಿಂಗಳೇ ಬದಲಾಯಿತು. ನಿಮ್ಮ ಮೊತ್ತ ತಾಳೆಯಾಗದಿರುವುದಕ್ಕೆ ಇದೇ ಕಾರಣ ಇರಬೇಕು. ತಿಂಗಳ ಮೊದಲ ಮತ್ತು ಕೊನೆಯ ರಾತ್ರಿಯ ನಮೂದುಗಳನ್ನು ಮಾತ್ರ ತೆಗೆದು ನೋಡಿ.

ಪರಿಹಾರಕ್ಕೆಂದು ಸ್ಕ್ರಿಪ್ಟ್‌ನಲ್ಲಿ ಸುಮ್ನೆ ಐದೂವರೆ ಗಂಟೆ ಕೂಡಿಸಿಬಿಡಬೇಡಿ. ಸಮಯವನ್ನು ಅದರ ವಲಯದ ಸಮೇತ ಕಳಿಸಿ. ಜಿರಾದ ವರ್ಕ್‌ಲಾಗ್‌ಗೆ (ಟಿಕೆಟ್‌ಗೆ ಹಿಡಿದ ಸಮಯದ ನಮೂದಿಗೆ) ಶುರುವಾದ ಸಮಯವನ್ನು ಕೊಡುವ ರೀತಿ ತುಂಬಾ ಕಟ್ಟುನಿಟ್ಟು. ಸೆಕೆಂಡಿನ ನಂತರ ಮೂರಂಕಿಯ ಮಿಲಿಸೆಕೆಂಡ್ ಇರಬೇಕು. ಕೊನೆಗೆ ವಲಯವನ್ನು +0530 ಎಂದು ನಡುವೆ ಕೋಲನ್ ಇಲ್ಲದೆ ಬರೆಯಬೇಕು. ಎಷ್ಟೋ ಪ್ರೋಗ್ರಾಮಿಂಗ್ ಭಾಷೆಗಳ ಲೈಬ್ರರಿಗಳು ಕೋಲನ್ ಹಾಕಿಯೇ ಕೊಡುತ್ತವೆ, ಜಿರಾ ಅದನ್ನು ವಾಪಸ್ ಕಳಿಸುತ್ತದೆ.

ನ್ಯೂಯಾರ್ಕ್‌ನ ದಿನಾಂಕದಲ್ಲಿ ವರದಿ ಬೇಕು ಎಂದು ಕ್ಲೈಂಟ್ ಕೇಳಿದರೆ ಇನ್ನಷ್ಟು ಎಚ್ಚರ ಬೇಕು. ಅಲ್ಲಿ ವರ್ಷಕ್ಕೆ ಎರಡು ಸಲ ಗಡಿಯಾರ ತಿರುಗಿಸುತ್ತಾರೆ. ಬೇಸಿಗೆಯಲ್ಲಿ ನಮಗೂ ಅವರಿಗೂ ಒಂಬತ್ತೂವರೆ ಗಂಟೆ ಅಂತರ, ಚಳಿಗಾಲದಲ್ಲಿ ಹತ್ತೂವರೆ. ಸೂತ್ರದಲ್ಲಿ 9.5 ಎಂದು ಬರೆದಿಟ್ಟರೆ ನವೆಂಬರ್ ತನಕ ಸರಿ ಇರುತ್ತದೆ, ಆಮೇಲೆ ಯಾರಿಗೂ ಹೇಳದೆ ತಪ್ಪುತ್ತದೆ. ವಲಯದ ಹೆಸರನ್ನೇ ಕೊಟ್ಟು ಲೆಕ್ಕ ಮಾಡಿಸಿ.

ಇನ್ನೊಂದು ಮಾತು. ನಿಮ್ಮ ಸ್ಕ್ರಿಪ್ಟ್ ನಿಮ್ಮ ಟೋಕನ್‌ನಿಂದ ಓಡುತ್ತಿದ್ದರೆ ಜಿರಾದಲ್ಲಿ ಎಲ್ಲರ ವರ್ಕ್‌ಲಾಗ್ ನಿಮ್ಮ ಹೆಸರಲ್ಲೇ ಬರುತ್ತಿರುತ್ತದೆ. ಅದನ್ನೂ ನೋಡಿಕೊಳ್ಳಿ. ಸಹೋದ್ಯೋಗಿಯೊಬ್ಬರು ರಾತ್ರಿಯಿಡೀ ಕೂತು ಮಾಡಿದ ಕೆಲಸ ಬೇರೆಯವರ ಹೆಸರಲ್ಲಿ ದಾಖಲಾಗುವುದು ನನಗೆ ಸಣ್ಣ ವಿಷಯ ಅನಿಸುವುದಿಲ್ಲ.

ಪ್ರಶ್ನೆ: ಮೇಡಂ, ನಮ್ಮ ಆರ್ಕಿಟೆಕ್ಟ್ ಆಫೀಸಿನಾಗ ಮೇಕ್ ಹಾಕೇವಿ, ಉಚಿತ ಯೋಜನೆ. ಹತ್ತು ಹನ್ನೊಂದು ದಿನ ಚಲೋ ನಡೀತದ, ಆಮೇಲೆ ಮಿತಿ ಮುಗೀತು ಅಂತ ನಿಲ್ತದ. ಹಂಗ ನೋಡಿದ್ರ ನಮ್ಮ ನಮೂದು ದಿನಕ್ಕ ಇಪ್ಪತ್ತು ಸೈತ ಇಲ್ಲ. – ಹುಬ್ಬಳ್ಳಿ

ಉತ್ತರ: ನೀವು ನಮೂದು ಎಣಿಸುತ್ತಿದ್ದೀರಿ. ಮೇಕ್ ತಾನು ಬಾಗಿಲು ತಟ್ಟಿದ್ದನ್ನೆಲ್ಲ ಎಣಿಸುತ್ತದೆ. ಹೊಸದೇನಾದರೂ ಬಂದಿದೆಯಾ ಎಂದು ಟೈಮರನ್ನು ಕೇಳುವುದೇ ಒಂದು ಲೆಕ್ಕ. ಏನೂ ಸಿಗದಿದ್ದರೂ ಲೆಕ್ಕವೇ. ಉಚಿತ ಯೋಜನೆಯಲ್ಲಿ ತಿಂಗಳಿಗೆ 1000 ಸಿಗುತ್ತದೆ. 15 ನಿಮಿಷಕ್ಕೊಮ್ಮೆ ಕೇಳುವಂತೆ ಇಟ್ಟಿದ್ದರೆ ದಿನಕ್ಕೆ 96 ಸಲ, 30 ದಿನಕ್ಕೆ 2880. ನಿಮ್ಮ ಆಫೀಸಿನಲ್ಲಿ ಒಬ್ಬರೂ ಕೆಲಸ ಮಾಡದಿದ್ದರೂ ಹನ್ನೊಂದನೇ ದಿನಕ್ಕೆ ಮುಗಿಯಬೇಕು. ಮುಗಿಯುತ್ತಿದೆ.

ದಿನಕ್ಕೊಮ್ಮೆ ರಾತ್ರಿ 9ಕ್ಕೆ ಓಡುವಂತೆ ಬದಲಾಯಿಸಿ. ಕೇಳುವ ಖರ್ಚು 30ಕ್ಕೆ ಇಳಿಯುತ್ತದೆ. ಉಳಿದದ್ದು ಸಿಕ್ಕ ನಮೂದುಗಳನ್ನು ಸಾಗಿಸಲು. ದಿನಕ್ಕೆ 20 ನಮೂದು, ಒಂದೊಂದಕ್ಕೆ ಒಂದೇ ಹಂತ ಎಂದರೆ ತಿಂಗಳಿಗೆ 600. ಆರಾಮಾಗಿ ಹಿಡಿಸುತ್ತದೆ. ಹಂತ ಎರಡಾದರೆ 1200, ಮಿತಿ ದಾಟುತ್ತದೆ. ಹಾಗಾಗಿ ಹಂತಗಳನ್ನು ಕಡಿಮೆ ಇಡಿ. ಮನೆಯ ನಕ್ಷೆಗೆ ಎಷ್ಟು ಗಂಟೆ ಹಿಡಿಯಿತು ಎಂಬುದು 15 ನಿಮಿಷದೊಳಗೆ ನಿಮಗೆ ತಿಳಿಯಲೇಬೇಕಾ? ನಾಳೆ ಬೆಳಿಗ್ಗೆ ತಿಳಿದರೆ ಸಾಕು, ಅಲ್ವಾ?

ತಕ್ಷಣವೇ ಬೇಕು ಎನ್ನುವವರಿಗೆ ವೆಬ್‌ಹುಕ್ ಇದೆ. ಅಲ್ಲಿ ಮೇಕ್ ಹೋಗಿ ಕೇಳುವುದಿಲ್ಲ, ಏನಾದರೂ ನಡೆದಾಗ ಟೈಮರೇ ಬಂದು ಹೇಳುತ್ತದೆ. ಟಾಗಲ್, ಅದರಂಥದೇ ಟೈಮರ್ ಆದ ಕ್ಲಾಕಿಫೈ, ಎರಡರಲ್ಲೂ ಈ ಸೌಲಭ್ಯ ಇದೆ. ಜ್ಯಾಪಿಯರ್ ಲೆಕ್ಕ ಬೇರೆ. ಅದು ಕೇಳಿದ್ದಕ್ಕೆ ಎಣಿಸುವುದಿಲ್ಲ, ಮಾಡಿದ ಆ್ಯಕ್ಷನ್‌ಗೆ ಮಾತ್ರ ಎಣಿಸುತ್ತದೆ. ಆದರೆ ಅದರ ಉಚಿತ ಯೋಜನೆಯಲ್ಲಿ ತಿಂಗಳಿಗೆ 100 ಮಾತ್ರ, ನಿಮಗೆ ಒಂದು ವಾರಕ್ಕೂ ಸಾಲದು. ಎನ್‌ಎಯ್ಟ್‌ಎನ್ ಅನ್ನು ನಿಮ್ಮದೇ ಸರ್ವರ್‌ನಲ್ಲಿ ಹಾಕಿಕೊಂಡರೆ ಇಂಥ ಎಣಿಕೆಯೇ ಇಲ್ಲ. ಆಫೀಸಿನ ಮೂಲೆಯ ಹಳೆ ಕಂಪ್ಯೂಟರ್‌ನಲ್ಲಿ ಮಾತ್ರ ಹಾಕಬೇಡಿ. ಕರೆಂಟ್ ಹೋದಾಗ ಬಂದ ವೆಬ್‌ಹುಕ್ ಅಲ್ಲಿಗೆ ತಲುಪುವುದಿಲ್ಲ.

ಪ್ರಶ್ನೆ: ಜೋಡಣೆ ಮಾಡಿದ ಮೇಲೆ ಹೊಸ ತಲೆನೋವು. ಒಂದೇ ನಮೂದು ಎರಡು ಸಲ ಬರುತ್ತದೆ. ಸರಿಪಡಿಸಿದ ಸಮಯ ಶೀಟ್‌ಗೆ ಬರುವುದೇ ಇಲ್ಲ. ಒಮ್ಮೊಮ್ಮೆ ಗಂಟೆಯ ಜಾಗದಲ್ಲಿ ಮೈನಸ್ ಬರುತ್ತದೆ. ಒಂದೂವರೆ ಗಂಟೆಗೆ ಬಿಲ್ ಅರವತ್ತೆರಡೂವರೆ ರೂಪಾಯಿ ಎಂದು ಬಂತು. – ಮಂಗಳೂರು

ಉತ್ತರ: ನಾಲ್ಕಕ್ಕೂ ಬೇರೆ ಬೇರೆ ಕಾರಣ. ಸುಲಭದ್ದನ್ನು ಮೊದಲು ಹೇಳುತ್ತೇನೆ. ಗೂಗಲ್ ಶೀಟ್‌ಗೂ ಎಕ್ಸೆಲ್‌ಗೂ 1 ಎಂದರೆ ಒಂದು ಇಡೀ ದಿನ. ನಿಮಗೆ 1:30 ಎಂದು ಕಾಣುವ ಮನೆಯ ಒಳಗೆ ಇರುವುದು 0.0625. ಅದನ್ನು ಗಂಟೆಗೆ ₹1000 ದರದಿಂದ ಗುಣಿಸಿದರೆ ₹62.50 ಬರುತ್ತದೆ. ಮೊದಲು 24ರಿಂದ ಗುಣಿಸಿ, ಆಮೇಲೆ ದರದಿಂದ. ₹1500 ಸರಿಯಾಗಿ ಬರುತ್ತದೆ.

ಮೈನಸ್ ಬರುವುದು ಟೈಮರ್ ಇನ್ನೂ ಓಡುತ್ತಿರುವಾಗ. ಟಾಗಲ್ ತನ್ನ ಎಪಿಐಯಲ್ಲಿ (ಬೇರೆ ಸಾಫ್ಟ್‌ವೇರ್‌ಗಳು ಅದರ ಜೊತೆ ಮಾತಾಡುವ ದಾರಿಯಲ್ಲಿ) ನಿಲ್ಲದ ಟೈಮರ್‌ನ ಅವಧಿಯನ್ನು ಋಣ ಸಂಖ್ಯೆಯಾಗಿಯೇ ಕೊಡುತ್ತದೆ, ಇದಿನ್ನೂ ಮುಗಿದಿಲ್ಲ ಎಂದು ತಿಳಿಸಲು. ಅವಧಿ ಸೊನ್ನೆಗಿಂತ ಜಾಸ್ತಿ ಇದ್ದರೆ ಮಾತ್ರ ಮುಂದೆ ಹೋಗು ಎಂಬ ಫಿಲ್ಟರ್ ಒಂದನ್ನು ಮಧ್ಯೆ ಹಾಕಿ.

ಎರಡು ಸಲ ಬರುವುದಕ್ಕೂ ತಿದ್ದಿದ್ದು ಬಾರದಿರುವುದಕ್ಕೂ ಮದ್ದು ಒಂದೇ. ಪ್ರತಿ ನಮೂದಿಗೂ ಟೈಮರ್ ಒಂದು ಐಡಿ ಕೊಟ್ಟಿರುತ್ತದೆ. ಅದನ್ನು ಶೀಟ್‌ನ ಮೊದಲ ಕಾಲಂನಲ್ಲಿ ಇಡಿ. ಹೊಸ ಸಾಲು ಸೇರಿಸುವ ಮೊದಲು ಆ ಐಡಿ ಇದೆಯಾ ಎಂದು ಹುಡುಕಿಸಿ. ಇದ್ದರೆ ಅದೇ ಸಾಲನ್ನು ತಿದ್ದಲಿ, ಇಲ್ಲದಿದ್ದರೆ ಹೊಸದು ಬರೆಯಲಿ. ಆದರೆ 'ಹೊಸ ನಮೂದು' ಎಂಬ ಟ್ರಿಗರ್ ಒಂದು ಐಡಿಯನ್ನು ಒಮ್ಮೆ ನೋಡಿದ ಮೇಲೆ ಮತ್ತೆ ತಿರುಗಿ ನೋಡುವುದಿಲ್ಲ. ತಿದ್ದುಪಡಿ ಹಿಡಿಯಬೇಕು ಎಂದರೆ ರಾತ್ರಿ ಒಮ್ಮೆ ಕಳೆದ ಏಳು ದಿನದ ನಮೂದುಗಳನ್ನೆಲ್ಲ ಮತ್ತೆ ತರಿಸಿ ಹೀಗೇ ಹೊಂದಿಸಬೇಕು. ಅಳಿಸಿ ಹಾಕಿದ ನಮೂದು ಈ ದಾರಿಯಲ್ಲೂ ಸಿಗುವುದಿಲ್ಲ. ಹಾಗಾಗಿ ಬಿಲ್ ಕಳಿಸುವ ಮೊದಲು ಟೈಮರ್‌ನ ಒಟ್ಟು ಮೊತ್ತ, ಶೀಟ್‌ನ ಒಟ್ಟು ಮೊತ್ತ ಎರಡನ್ನೂ ಒಬ್ಬರು ಕಣ್ಣಾರೆ ನೋಡಲೇಬೇಕು. ಈ ಕೆಲಸವನ್ನು ನಾನು ಯಾವ ಕಚೇರಿಯಲ್ಲೂ ಯಂತ್ರಕ್ಕೆ ಬಿಟ್ಟುಕೊಟ್ಟಿಲ್ಲ.

ನೀವು ಕೇಳದಿದ್ದರೂ ಒಂದು ಮಾತು ಸೇರಿಸುತ್ತೇನೆ, ಯಾಕೆಂದರೆ ಇಲ್ಲಿ ಬೇರೆಯವರ ಹಣ ಇದೆ. ಕಾಲು ಗಂಟೆಗೆ ರೌಂಡ್ ಮಾಡುವ ಕಚೇರಿಗಳು ಪ್ರತಿ ನಮೂದನ್ನೂ ರೌಂಡ್ ಮಾಡಿಸಿಬಿಡುತ್ತವೆ. ಏಳು ನಿಮಿಷದ ಹತ್ತು ಕರೆಗಳು ನಿಜವಾಗಿ 70 ನಿಮಿಷ. ಒಂದೊಂದನ್ನೂ 15ಕ್ಕೆ ಏರಿಸಿದರೆ 150 ನಿಮಿಷ. ಒಟ್ಟು ಕೂಡಿಸಿ ಒಮ್ಮೆ ಏರಿಸಿದರೆ 75. ಕ್ಲೈಂಟ್ ನಂಬಿ ಕೊಡುವ ಹಣ ಅದು. ಶೀಟ್‌ನಲ್ಲಿ ನಿಜವಾದ ನಿಮಿಷ ಇರಲಿ, ರೌಂಡ್ ಮಾಡುವುದು ಬಿಲ್‌ನ ಕೊನೆಯ ಸಾಲಿನಲ್ಲಿ ಮಾತ್ರ.

ಪ್ರಶ್ನೆ: ನಾನು ಕಂಪನಿಯೊಂದರಲ್ಲಿ ಟೆಸ್ಟರ್. ಈಗ ಟಿಕೆಟ್‌ಗಳಿಗೂ ಟೈಮರ್‌ಗೂ ಜೋಡಣೆ ಆಗಿದೆ. ಯಾರು ಯಾವ ಟಿಕೆಟ್‌ಗೆ ಎಷ್ಟು ನಿಮಿಷ ಕೂತರು ಎಂದು ದೊಡ್ಡ ಪರದೆಯಲ್ಲಿ ತೋರಿಸುತ್ತಾರೆ. ಹತ್ತು ನಿಮಿಷಕ್ಕೊಮ್ಮೆ ಸ್ಕ್ರೀನ್‌ಶಾಟ್ ಬೇರೆ. ನೀರು ಕುಡಿಯಲು ಏಳುವಾಗಲೂ ಟೈಮರ್ ನೋಡುತ್ತೇನೆ. ಇದು ಸರಿಯಾ ಮೇಡಂ? – ಬೆಂಗಳೂರು, ವೈಟ್‌ಫೀಲ್ಡ್

ಉತ್ತರ: ಸರಿಯಲ್ಲ. ನನ್ನ ವೃತ್ತಿ ಶುರುವಾದದ್ದೇ ಟೈಮ್‌ಶೀಟ್ ಕೂಡಿಸುವ ಕೆಲಸದಿಂದ. ಶುಕ್ರವಾರ ಸಂಜೆ ಒಂದೊಂದು ಮೇಜಿನ ಹತ್ತಿರ ನಿಂತು 'ತುಂಬಿದ್ರಾ?' ಎಂದು ಕೇಳುತ್ತಿದ್ದೆ. ಆ ಅನುಭವದಿಂದ ಹೇಳುತ್ತೇನೆ. ಭಯದಲ್ಲಿ ಬರೆದ ಗಂಟೆಗಳಿಂದ ಯಾವ ಲೆಕ್ಕಕ್ಕೂ ಉಪಯೋಗವಿಲ್ಲ. ಎಲ್ಲರ ಶೀಟ್‌ನಲ್ಲೂ ಪ್ರತಿ ದಿನ ಸರಿಯಾಗಿ ಎಂಟು ಗಂಟೆ ಇರುತ್ತದೆ. ಯಾವ ಕೆಲಸ ನಿಜಕ್ಕೂ ಕಷ್ಟದ್ದಾಗಿತ್ತು, ಯಾವುದಕ್ಕೆ ನಾವು ಕಡಿಮೆ ಅಂದಾಜು ಹಾಕಿದೆವು ಎಂಬುದು ಅದರಲ್ಲಿ ಸಿಗುವುದೇ ಇಲ್ಲ. ಈ ಜೋಡಣೆ ಮಾಡುವುದೇ ಅದನ್ನು ತಿಳಿಯಲು.

ಟೈಮರ್‌ಗೂ ಟಿಕೆಟ್‌ಗೂ ಕೊಂಡಿ ಹಾಕಲು ಸ್ಕ್ರೀನ್‌ಶಾಟ್ ಬೇಕಾಗಿಲ್ಲ. ಬೇಕಾದದ್ದು ಟಿಕೆಟ್ ಸಂಖ್ಯೆ, ದಿನ, ಅವಧಿ, ವ್ಯಕ್ತಿ, ಇಷ್ಟೇ. ಅದರಲ್ಲೂ ಪ್ರಾಜೆಕ್ಟ್ ವರದಿಗೆ ವ್ಯಕ್ತಿಯ ಹೆಸರು ಬೇಡ, ಟಿಕೆಟ್‌ನ ಒಟ್ಟು ಗಂಟೆ ಸಾಕು. ದೊಡ್ಡ ಪರದೆಗೆ ಹೋಗುವ ಶೀಟ್‌ನಿಂದ ಹೆಸರಿನ ಕಾಲಂ ತೆಗೆಯುವುದು ಆಟೊಮೇಷನ್‌ನಲ್ಲಿ ಒಂದು ನಿಮಿಷದ ಕೆಲಸ. ನಿಮ್ಮ ಮ್ಯಾನೇಜರ್ ಹತ್ತಿರ ಮಾತಾಡುವಾಗ ಇದನ್ನೇ ಕೇಳಿ: ಈ ವಿವರ ಯಾರಿಗೆ ಕಾಣುತ್ತದೆ, ಎಷ್ಟು ಕಾಲ ಇಡುತ್ತೀರಿ, ಇಂಕ್ರಿಮೆಂಟ್‌ಗೆ ಬಳಸುತ್ತೀರಾ. ಉತ್ತರ ಇಮೇಲ್‌ನಲ್ಲಿ ಬರಲಿ. ಒಬ್ಬರೇ ಕೇಳಲು ಹಿಂಜರಿಕೆ ಆದರೆ ನಾಲ್ಕು ಜನ ಸೇರಿ ಕೇಳಿ.

ಇದೇ ದಾಖಲೆ ನಿಮ್ಮ ಕಡೆಗೂ ಕೆಲಸ ಮಾಡುತ್ತದೆ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆ ಹಾಕಿದ ಮಿತಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. 2024ರಲ್ಲಿ ಐಟಿ ಕೆಲಸವನ್ನು ದಿನಕ್ಕೆ 14 ಗಂಟೆಯವರೆಗೆ ಏರಿಸುವ ಪ್ರಸ್ತಾವದ ಸುದ್ದಿ ಬಂದಾಗ ನೌಕರರ ಸಂಘ ಬೀದಿಗಿಳಿದು ವಿರೋಧಿಸಿತ್ತು. ಅಂಥ ಚರ್ಚೆಯಲ್ಲಿ ಯಾರ ಮಾತು ನಿಲ್ಲುತ್ತದೆ ಎಂದರೆ ಲೆಕ್ಕ ಇದ್ದವರದ್ದು. ನಿಮ್ಮ ನಮೂದುಗಳ ಪ್ರತಿಯನ್ನು ತಿಂಗಳಿಗೊಮ್ಮೆ ಇಳಿಸಿಟ್ಟುಕೊಳ್ಳಿ. ಹೆಚ್ಚಿನ ಟೈಮರ್‌ಗಳಲ್ಲಿ ಸ್ವಂತ ವರದಿಯನ್ನು ಸಿಎಸ್‌ವಿ ಫೈಲ್ ಆಗಿ ಪಡೆಯಬಹುದು. ಕ್ಲೈಂಟ್‌ನ ಗುಟ್ಟಿನ ವಿವರ ಅದರಲ್ಲಿ ಇಲ್ಲದಂತೆ ನೋಡಿಕೊಳ್ಳಿ.

ಇದನ್ನು ಓದುತ್ತಿರುವ ಮಾಲೀಕರಿಗೂ ಒಂದು ಮಾತು. ನೀವು ಮಧ್ಯೆ ಇಟ್ಟ ಆಟೊಮೇಷನ್ ಸೇವೆ ಮೂರನೇ ಕಂಪನಿ. ನಿಮ್ಮ ನೌಕರರ ಹೆಸರು, ಕೆಲಸದ ಹೊತ್ತು ಎಲ್ಲ ಅದರ ಸರ್ವರ್ ಮೂಲಕ ಹಾದು ಹೋಗುತ್ತದೆ. ವೈಯಕ್ತಿಕ ಮಾಹಿತಿ ಕಾಯಲು ನಮ್ಮ ದೇಶ 2023ರಲ್ಲಿ ಕಾಯ್ದೆ ಮಾಡಿದೆ. ಕಾಯ್ದೆ ಏನೇ ಇರಲಿ, ಬೇಡದ ಕಾಲಂ ಕಳಿಸದೇ ಇರುವುದು ಎಲ್ಲರಿಗೂ ಒಳ್ಳೆಯದು.

ಪ್ರಶ್ನೆ: ಇಷ್ಟೆಲ್ಲ ಕೊಂಡಿ ಯಾಕೆ? ಕೆಲಸವೂ ಸಮಯವೂ ಒಂದೇ ಸಾಫ್ಟ್‌ವೇರ್‌ನಲ್ಲಿ ಇದ್ದರೆ ಆಗುವುದಿಲ್ಲವೇ? – ಶಿವಮೊಗ್ಗ

ಉತ್ತರ: ಖಂಡಿತ ಆಗುತ್ತದೆ. ಈಗಷ್ಟೇ ಶುರು ಮಾಡುವವರಿಗೆ ನಾನು ಹೇಳುವುದೂ ಅದನ್ನೇ. ರೆಡ್‌ಮೈನ್‌ನಲ್ಲಿ ಟಿಕೆಟ್ ಕೆಳಗೇ ಸಮಯ ಬರೆಯಬಹುದು, ಉಚಿತ. ಚೆನ್ನೈನ ಜೋಹೊ ಕಂಪನಿಯ ಜೋಹೊ ಪ್ರಾಜೆಕ್ಟ್ಸ್‌ನಲ್ಲಿ ಟೈಮ್‌ಶೀಟ್ ಒಳಗೇ ಇದೆ. ಮುಂಬೈನವರು ಕಟ್ಟಿದ ಇಆರ್‌ಪಿನೆಕ್ಸ್ಟ್ ಮುಕ್ತ ತಂತ್ರಾಂಶ. ಅದರಲ್ಲಿ ಟಾಸ್ಕ್, ಟೈಮ್‌ಶೀಟ್, ಬಿಲ್ ಮೂರೂ ಒಂದಕ್ಕೊಂದು ಸೇರಿಕೊಂಡಿವೆ. ಟೈಮ್‌ಶೀಟ್‌ನಿಂದ ನೇರವಾಗಿ ಬಿಲ್ ತೆಗೆಯಬಹುದು. ಎರಡು ಸಾಫ್ಟ್‌ವೇರ್ ಉಳಿಯುವುದು ಸಾಮಾನ್ಯವಾಗಿ ಎರಡು ಕಾರಣಕ್ಕೆ: ಕೆಲಸದ ಪಟ್ಟಿ ಕ್ಲೈಂಟ್‌ನದ್ದು, ಅದನ್ನು ಬದಲಾಯಿಸುವ ಹಕ್ಕು ನಮಗಿಲ್ಲ. ಇಲ್ಲವೇ, ಹಲವು ವರ್ಷದ ಲೆಕ್ಕ ಹಳೆಯದರಲ್ಲಿ ಸೇರಿಹೋಗಿದೆ. ನಿಮಗೆ ಎರಡೂ ಇಲ್ಲವಾದರೆ ಕೊಂಡಿಯ ಗೋಜಿಗೇ ಹೋಗಬೇಡಿ.

ಪ್ರಶ್ನೆ: ನಮ್ಮದು ಅನುವಾದಕರ ಸಣ್ಣ ಗುಂಪು. ಟಾಸ್ಕ್ ಹೆಸರು, ವಿವರಣೆ ಎಲ್ಲ ಕನ್ನಡದಲ್ಲೇ ಬರೆಯುತ್ತೇವೆ. ಒಂದರಿಂದ ಇನ್ನೊಂದಕ್ಕೆ ಕನ್ನಡ ಸರಿಯಾಗಿ ಹೋಗುತ್ತದಾ? ಎಕ್ಸೆಲ್‌ನಲ್ಲಿ ತೆರೆದರೆ ಬರೀ ಚಿಹ್ನೆಗಳು ಬರುತ್ತವೆ. – ಧಾರವಾಡ

ಉತ್ತರ: ಕನ್ನಡದಲ್ಲೇ ಬರೆಯುತ್ತಿರುವುದು ಓದಿ ತುಂಬಾ ಖುಷಿಯಾಯಿತು. ಹೋಗುತ್ತದೆ, ಧೈರ್ಯವಾಗಿ ಬರೆಯಿರಿ. ಇವತ್ತಿನ ಈ ಸೇವೆಗಳೆಲ್ಲ ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೇ ಪದ್ಧತಿಯಾದ ಯುನಿಕೋಡ್‌ನಲ್ಲೇ ಮಾತಾಡುತ್ತವೆ. ಕೆಡುತ್ತಿರುವುದು ದಾರಿಯಲ್ಲಲ್ಲ, ಎಕ್ಸೆಲ್ ಬಾಗಿಲಲ್ಲಿ. ಸಿಎಸ್‌ವಿ ಫೈಲ್ ಮೇಲೆ ಎರಡು ಸಲ ಕ್ಲಿಕ್ ಮಾಡಿ ತೆರೆದರೆ ಎಕ್ಸೆಲ್ ಅದನ್ನು ಹಳೆಯ ಅಕ್ಷರ ಪದ್ಧತಿ ಎಂದು ತಿಳಿಯುತ್ತದೆ. ಹಾಗೆ ತೆರೆಯಬೇಡಿ. ಖಾಲಿ ಎಕ್ಸೆಲ್ ತೆರೆದು, ಡೇಟಾ ಮೆನುವಿನಲ್ಲಿ ಟೆಕ್ಸ್ಟ್ ಅಥವಾ ಸಿಎಸ್‌ವಿಯಿಂದ ತರುವ ಆಯ್ಕೆ ಒತ್ತಿ, ಫೈಲ್‌ನ ಮೂಲ ಕೇಳುವ ಕಡೆ 65001 ಯುಟಿಎಫ್-8 ಆರಿಸಿ. ಗೂಗಲ್ ಶೀಟ್‌ನಲ್ಲಿ ಈ ರಗಳೆಯೇ ಇಲ್ಲ.

ಒಂದೇ ಕಡೆ ಎಚ್ಚರ ವಹಿಸಿ. ಮೈಸೂರಿನವರಿಗೆ ಹೇಳಿದ ಗುರುತಿನ ಸಂಖ್ಯೆಯಲ್ಲಿ ಕನ್ನಡ ಅಂಕಿ ಹಾಕಬೇಡಿ, ಅಥವಾ ಎಲ್ಲರೂ ಎಲ್ಲ ಕಡೆ ಕನ್ನಡ ಅಂಕಿಯನ್ನೇ ಹಾಕಿ. ೪೨ ಮತ್ತು 42 ನಮ್ಮ ಕಣ್ಣಿಗೆ ಒಂದೇ, ಯುನಿಕೋಡ್‌ನಲ್ಲಿ ಬೇರೆ ಬೇರೆ ಅಕ್ಷರಗಳು. 0ಯಿಂದ 9ರವರೆಗಿನ ಅಂಕಿ ಹುಡುಕು ಎಂದು ಬರೆದ ಫಿಲ್ಟರ್‌ಗೆ ೪೨ ಸಿಗುವುದಿಲ್ಲ. ನಿಮ್ಮ ಗುಂಪು ಕನ್ನಡ ಅಂಕಿಯನ್ನೇ ಇಷ್ಟಪಟ್ಟರೆ ಫಿಲ್ಟರ್‌ನಲ್ಲಿ ೦ಯಿಂದ ೯ರವರೆಗಿನದನ್ನೂ ಸೇರಿಸಿ. ಫಿಲ್ಟರ್‌ನ ಹುಡುಕುವ ಸೂತ್ರದಲ್ಲಿ ಚೌಕ ಆವರಣದ ಒಳಗೆ ಎರಡೂ ಸರಣಿ ಪಕ್ಕಪಕ್ಕ, [0-9೦-೯] ಎಂದು, ಬರೆದರೆ ಆಯಿತು.